ಹಳೆಯ ರೀಲು ತೊಳೆಸಲು ಹೊರಟವರಿಗೆ

ದಾವಣಗೆರೆಯಲ್ಲಿ ನಾನು ಓದಿದ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಹಳೆಯ ಛಾಯಾಚಿತ್ರಗಳನ್ನು ಒಟ್ಟುಮಾಡುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಆ ಕೆಲಸ ಈಗಷ್ಟೇ ಮುಗಿದಿದೆ. ಮನೆಮನೆಯ ಆಲ್ಬಮ್ಮುಗಳಿಂದ ಫೋಟೋ ಬಿಡಿಸಿ ತರುವುದು ಕಷ್ಟವಾಗಲಿಲ್ಲ. ಕಷ್ಟವಾದದ್ದು, ನಮ್ಮ ನಿವೃತ್ತ ಡ್ರಾಯಿಂಗ್ ಮೇಷ್ಟ್ರ ಬಳಿ ತೊಳೆಯದೆ ಉಳಿದುಹೋಗಿದ್ದ ಒಂಬತ್ತು ಫಿಲ್ಮ್ ರೀಲುಗಳಿಂದ ಚಿತ್ರ ತೆಗೆಸುವುದು. ನಮ್ಮ ಊರಿನಲ್ಲೂ ಚಿತ್ರದುರ್ಗದಲ್ಲೂ ಎಷ್ಟೋ ಮನೆಗಳ ಬೀರುವಿನಲ್ಲಿ ಇಂತಹ ರೀಲುಗಳು ಇನ್ನೂ ಇವೆ ಎಂಬುದು ಈ ಅಲೆದಾಟದಲ್ಲೇ ನನಗೆ ತಿಳಿಯಿತು. ಅವರಿಗೆ ನನ್ನಷ್ಟು ಗೊಂದಲವಾಗದಿರಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೇಷ್ಟ್ರು ಶಾಲೆಯ ಕ್ರೀಡಾಕೂಟ, ಶಾರದಾ ಪೂಜೆ, ಶೈಕ್ಷಣಿಕ ಪ್ರವಾಸ ಎಲ್ಲವನ್ನೂ ತಮ್ಮದೇ ಕ್ಯಾಮರಾದಲ್ಲಿ ಹಿಡಿಯುತ್ತಿದ್ದವರು. ರೀಲು ಕೊಳ್ಳಲು ಶಾಲೆಯಿಂದ ಹಣ ಸಿಗುತ್ತಿತ್ತಾದರೂ ತೊಳೆಸಿ ಪ್ರಿಂಟ್ ಹಾಕಿಸುವ ಬಿಲ್ಲು ಮಂಜೂರಾಗುವುದು ತಡವಾಗುತ್ತಿತ್ತು. “ದುಡ್ಡು ಬಂದಾಗ ಒಟ್ಟಿಗೆ ಕೊಡೋಣ ಅಂತ ಇಟ್ಟಿದ್ದೆ ಕಣಪ್ಪ. ಅಷ್ಟರಲ್ಲಿ ನನಗೆ ವರ್ಗ ಆಯ್ತು” ಎಂದು ಹೇಳಿ ಬಿಸ್ಕತ್ತಿನ ಡಬ್ಬಿಯೊಂದನ್ನು ನನ್ನ ಮುಂದಿಟ್ಟರು. ಅದರಲ್ಲಿ ಆರು ಕಲರ್ ರೀಲುಗಳು, ಅಂದರೆ ಕೊಡಕ್ ಮತ್ತು ಕೊನಿಕಾ ಕಂಪನಿಗಳ 35 ಮಿಲಿಮೀಟರಿನ ಡಬ್ಬಿಗಳು, ಮತ್ತು ಕಾಗದ ಸುತ್ತಿದ, ‘120’ ಎಂಬ ಅಗಲ ಅಳತೆಯ ಮೂರು ಕಪ್ಪು-ಬಿಳುಪು ರೀಲುಗಳಿದ್ದವು. ಕಪ್ಪು-ಬಿಳುಪಿನವುಗಳಲ್ಲಿ ಎರಡು ‘ಇಂದು’ ರೀಲುಗಳು; ಊಟಿಯಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿ, 1967ರಲ್ಲಿ ಉತ್ಪಾದನೆ ಆರಂಭಿಸಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಲ್ಲಿ ತಯಾರಾದವು. ಆ ಕಾರ್ಖಾನೆ ಈಗಿಲ್ಲ.

ಕಲರ್ ರೀಲುಗಳಲ್ಲಿ ಒಂದರ ಮೇಲೆ ಮೇಷ್ಟ್ರು ಬಾಲ್ ಪೆನ್ನಿನಲ್ಲಿ 15-8-97 ಎಂದು ಬರೆದಿದ್ದರು. ಅಂದು ಸ್ವಾತಂತ್ರ್ಯದ ಐವತ್ತನೆಯ ವರ್ಷದ ಹಬ್ಬ. ಅದೇ ದಿನ ದಾವಣಗೆರೆ ಚಿತ್ರದುರ್ಗದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾಯಿತು. ನಮ್ಮ ಶಾಲೆಯ ಮಕ್ಕಳು ಮೆರವಣಿಗೆಯಲ್ಲಿ ನಡೆದಿದ್ದರು, ನಾನೂ ಅವರಲ್ಲೊಬ್ಬ. ಆ ದಿನದ ಒಂದೇ ಒಂದು ಚಿತ್ರವೂ ಶಾಲೆಯಲ್ಲಿ ಉಳಿದಿಲ್ಲ. ಆದ್ದರಿಂದ ಈ ರೀಲಿನ ಮೇಲೆ ನನಗಿದ್ದ ಆಸೆ ಉಳಿದವುಗಳಿಗಿಂತ ಹೆಚ್ಚಿನದಾಗಿತ್ತು.

ಮೊದಲು ಊರಿನಲ್ಲೇ ಹುಡುಕಿದೆ. ಅಶೋಕ ರಸ್ತೆ, ಮಂಡಿಪೇಟೆ, ಪಿ.ಜೆ. ಬಡಾವಣೆ ಎಲ್ಲ ಕಡೆಯೂ ‘ಕಲರ್ ಲ್ಯಾಬ್’ ಎಂಬ ಬೋರ್ಡುಗಳು ಇಂದಿಗೂ ಇವೆ, ಒಳಗೆ ಮದುವೆ ಆಲ್ಬಮ್ಮುಗಳ ಕೆಲಸ ಭರದಿಂದ ನಡೆಯುತ್ತಿದೆ. ಆದರೆ ರೀಲನ್ನು ಕೌಂಟರಿನ ಮೇಲಿಟ್ಟರೆ ಎಲ್ಲರದೂ ಒಂದೇ ಮಾತು: “ಬೋರ್ಡು ಅದೇ ಐತ್ರೀ, ರೀಲು ತೊಳಿಯೋದು ಬಿಟ್ಟು ಬಾಳ ವರ್ಷ ಆತು.” ಇಲ್ಲಿ ಹೊಸಬರು ತಿಳಿದಿರಬೇಕಾದ ವಿಷಯವೊಂದಿದೆ. ಹಿಂದಿನ ಮಿನಿಲ್ಯಾಬಿನಲ್ಲಿ ಎರಡು ಭಾಗಗಳಿದ್ದವು. ಒಂದು ಫಿಲ್ಮ್ ತೊಳೆದು ನೆಗೆಟಿವ್ ಮಾಡುವ ಯಂತ್ರ, ಇನ್ನೊಂದು ಕಾಗದದ ಮೇಲೆ ಪ್ರಿಂಟ್ ಹಾಕಿ ತೊಳೆಯುವ ಯಂತ್ರ. ಡಿಜಿಟಲ್ ಕ್ಯಾಮರಾ ಬಂದಾಗ ಎರಡನೆಯದಕ್ಕೆ ಕೆಲಸ ಉಳಿಯಿತು, ಮೊದಲನೆಯದು ಮೂಲೆ ಸೇರಿತು. ಆದ್ದರಿಂದ “ಕಲರ್ ಲ್ಯಾಬ್ ಇದೆಯೇ” ಎಂದು ಕೇಳಿದರೆ ಉಪಯೋಗವಿಲ್ಲ. “ಸಿ-41 ಫಿಲ್ಮ್ ಪ್ರೊಸೆಸಿಂಗ್ ಈಗಲೂ ನಿಮ್ಮಲ್ಲೇ ನಡೆಯುತ್ತದೆಯೇ” ಎಂದೇ ಕೇಳಬೇಕು. ಕೊಡಕ್ ಕಂಪನಿ 1972ರಲ್ಲಿ ತಂದ ಸಿ-41 ಎಂಬ ಈ ವಿಧಾನವನ್ನೇ ಬಹುತೇಕ ಎಲ್ಲ ಕಂಪನಿಗಳ ಕಲರ್ ನೆಗೆಟಿವ್ ಫಿಲ್ಮಿಗೂ ಬಳಸುತ್ತಾರೆ. ರೀಲಿನ ಡಬ್ಬಿಯ ಮೇಲೆ ಅದನ್ನು ಅಚ್ಚು ಮಾಡಿರುತ್ತಾರೆ. ಇ-6 ಎಂದಿದ್ದರೆ ಅದು ಸ್ಲೈಡ್ ಫಿಲ್ಮ್, ಅದರ ದಾರಿ ಬೇರೆ, ಅದನ್ನು ತೊಳೆಯುವವರು ಇನ್ನೂ ವಿರಳ.

ಒಂದು ಅಂಗಡಿಯವರು ಮಾತ್ರ ಧಾರಾಳವಾಗಿ ಒಪ್ಪಿಕೊಂಡು, ಹೊರಗಿನ ಊರಿಗೆ ಕಳುಹಿಸಿ ತೊಳೆಸಿಕೊಡುವುದಾಗಿ ಹೇಳಿದರು. ನಾನು ಒಂದೇ ರೀಲನ್ನು ಕೊಟ್ಟೆ. ಇಂದು, ನಾಳೆ ಎನ್ನುತ್ತ ಬೇಸಿಗೆ ಕಳೆಯಿತು. ಕೊನೆಗೆ ವಿಚಾರಿಸಿದಾಗ ಆ ರೀಲು ಎಲ್ಲಿಗೂ ಹೋಗದೆ ಅಂಗಡಿಯ ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲೇ ಇತ್ತು. ನನಗೆ ಆದ ಸಂಕಟ ಸಣ್ಣದಲ್ಲ, ಏಕೆಂದರೆ ತೊಳೆಯದ ಫಿಲ್ಮಿಗೆ ಸೆಕೆಯಷ್ಟು ದೊಡ್ಡ ಶತ್ರು ಬೇರೊಂದಿಲ್ಲ, ಮತ್ತು ದಾವಣಗೆರೆಯ ಏಪ್ರಿಲ್-ಮೇ ತಿಂಗಳ ಬಿಸಿಲು ಹೇಗಿರುತ್ತದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಯಾರಾದರೂ ಕಳುಹಿಸಿಕೊಡುತ್ತೇವೆ ಎಂದರೆ ಯಾವ ಊರಿನ ಯಾವ ಲ್ಯಾಬಿಗೆ, ಯಾರ ಕೈಯಲ್ಲಿ, ಯಾವ ದಿನ ಎಂಬುದನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ರೀಲನ್ನು ಕೊಡಬೇಡಿ.

ಮಂಡಿಪೇಟೆಯ ಒಬ್ಬ ಸ್ಟುಡಿಯೋದವರು ನನ್ನ ಪರದಾಟವನ್ನು ಕಂಡು, ಹಿಂದೆ ಲ್ಯಾಬ್ ನಡೆಸುತ್ತಿದ್ದ ಹಿರಿಯರೊಬ್ಬರ ಮನೆಗೆ ಕಳುಹಿಸಿದರು. ಅವರಿಂದ ನನ್ನ ರೀಲಿನ ಕೆಲಸ ಆಗಲಿಲ್ಲ, ಆದರೆ ನಮ್ಮ ಊರಿನ ಲ್ಯಾಬುಗಳು ಏಕೆ ನಿಂತವು ಎಂಬುದು ಅರ್ಥವಾದದ್ದು ಅವರಿಂದಲೇ. ಗಿರಾಕಿ ಕಡಿಮೆಯಾದರೆ ಅಂಗಡಿಯ ಆದಾಯ ಕಡಿಮೆಯಾಗುತ್ತದೆ, ಅಷ್ಟೇ ತಾನೇ ಎಂದು ನಾನು ಭಾವಿಸಿದ್ದೆ. ಫಿಲ್ಮ್ ಲ್ಯಾಬಿನ ವಿಷಯ ಹಾಗಲ್ಲ. ಯಂತ್ರದ ತೊಟ್ಟಿಗಳಲ್ಲಿ ಚಿತ್ರ ಮೂಡಿಸುವ ಡೆವಲಪರ್, ಬ್ಲೀಚ್, ಮೂಡಿದ ಚಿತ್ರವನ್ನು ನಿಲ್ಲಿಸುವ ಫಿಕ್ಸರ್, ಸ್ಟೆಬಿಲೈಸರ್ ಎಂಬ ದ್ರಾವಣಗಳು ಸದಾ ತುಂಬಿರಬೇಕು. ಡೆವಲಪರಿನ ಉಷ್ಣತೆ 37.8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ನಿಲ್ಲಬೇಕು, ಫಿಲ್ಮು ಅದರಲ್ಲಿ 3 ನಿಮಿಷ 15 ಸೆಕೆಂಡು ಇರಬೇಕು, ಅರ್ಧ ಡಿಗ್ರಿ ಆಚೀಚೆ ಆದರೂ ಬಣ್ಣ ಕೆಡುತ್ತದೆ. ಪ್ರತಿ ರೀಲು ಹಾದುಹೋದಂತೆ ಯಂತ್ರ ತಾನೇ ಸ್ವಲ್ಪ ಹೊಸ ದ್ರಾವಣವನ್ನು ಸೇರಿಸಿಕೊಳ್ಳುತ್ತದೆ; ಹೀಗಾಗಿ ರೀಲು ಬರುತ್ತಿದ್ದರಷ್ಟೇ ತೊಟ್ಟಿಯ ಕಸುವು ಉಳಿಯುತ್ತದೆ. ರೀಲು ಬರದಿದ್ದರೆ ಡೆವಲಪರು ಗಾಳಿಗೆ ಸೋತು ಕಪ್ಪಾಗುತ್ತದೆ, ಆಗ ಇಡೀ ತೊಟ್ಟಿಯನ್ನು ಚೆಲ್ಲಿ ಹೊಸದು ತುಂಬಬೇಕು.

“ಎಮ್ಮೆ ಕಟ್ಟಿದಂಗೆ ರೀ ಇದು. ಹಾಲು ಕರೀಲಿ ಬಿಡ್ಲಿ, ಮೇವು ಹಾಕಾಕೇ ಬೇಕು. ಮದ್ವಿ ಸೀಜನ್‌ನಾಗ ರಾತ್ರಿ ಹನ್ನೆರಡಕ್ಕೂ ರೀಲು ಬರ್ತಿದ್ವು. ಆಮ್ಯಾಲೆ ದಿನಕ್ಕೊಂದು, ಎಲ್ಡು. ಒಂದು ರೀಲಿಗೂ ಅಷ್ಟೇ ಕರೆಂಟು, ಅಷ್ಟೇ ಔಷಧಿ” ಎಂದು ಅವರು ಹೇಳುವಾಗ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. ಬ್ಯಾಂಕಿನ ಸಾಲ ತಂದು ಕೊಂಡ ಜಪಾನಿನ ನೊರಿತ್ಸು ಯಂತ್ರ ಅವರದು. ರೀಲು ತೊಳೆಯುವ ನಡುವೆ ಕರೆಂಟು ಹೋದರೆ ಒಬ್ಬರ ಮದುವೆಯೇ ಅಳಿಸಿಹೋಗುತ್ತದೆಂದು ಜನರೇಟರಿನ ಪಕ್ಕದಲ್ಲೇ ಮಲಗುತ್ತಿದ್ದರಂತೆ. 2006ರ ಜನವರಿಯಲ್ಲಿ ಕೊನಿಕಾ ಮಿನೋಲ್ಟಾ ಕಂಪನಿ ಕ್ಯಾಮರಾ ಮತ್ತು ಫಿಲ್ಮ್ ವ್ಯವಹಾರದಿಂದ ಹೊರಬರುವುದಾಗಿ ಘೋಷಿಸಿತು, 2012ರ ಜನವರಿಯಲ್ಲಿ ಅಮೆರಿಕದ ಕೊಡಕ್ ಕಂಪನಿ ದಿವಾಳಿ ರಕ್ಷಣೆಗಾಗಿ ನ್ಯಾಯಾಲಯದ ಮೊರೆ ಹೋಯಿತು. ದೊಡ್ಡ ಕಂಪನಿಗಳ ಈ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮಂಡಿಪೇಟೆಯಲ್ಲಿ ಬಾಗಿಲು ಮುಚ್ಚಿದ ಲ್ಯಾಬಿನ ಸುದ್ದಿ ಎಲ್ಲಿಯೂ ಬರಲಿಲ್ಲ. ಯಂತ್ರ ಕೊನೆಗೆ ಗುಜರಿಗೆ ಹೋಯಿತು. ಬಳಸಿದ ಫಿಕ್ಸರಿನಲ್ಲಿ ಫಿಲ್ಮಿನಿಂದ ಕರಗಿದ ಬೆಳ್ಳಿ ಇರುತ್ತದೆ, ಅದನ್ನು ಕೊಳ್ಳುವವರು ಡ್ರಮ್ಮು ಡ್ರಮ್ಮಾಗಿ ಒಯ್ಯುತ್ತಿದ್ದರು, ಕೊನೆಯ ದಿನಗಳಲ್ಲಿ ಅದರಿಂದಲೇ ಕೆಲಸದ ಹುಡುಗನ ಸಂಬಳ ಹೊರಡುತ್ತಿತ್ತೆಂದು ಅವರು ನೆನಪಿಸಿಕೊಂಡರು. ಹೊರಡುವಾಗ ಅಟ್ಟದ ಮೇಲಿನ ಒಂದು ರಟ್ಟಿನ ಪೆಟ್ಟಿಗೆಯನ್ನು ತೋರಿಸಿದರು. ತೊಳೆದಾದ ಮೇಲೆ ಗಿರಾಕಿಗಳು ಬಂದು ಒಯ್ಯದೇ ಹೋದ ನೆಗೆಟಿವ್‌ಗಳ ಲಕೋಟೆಗಳು ಅದರ ತುಂಬ ಇದ್ದವು.

ಕಪ್ಪು-ಬಿಳುಪು ರೀಲುಗಳ ದಾರಿ ಇದಕ್ಕಿಂತ ಸುಲಭವಾಯಿತು. ಅವುಗಳಿಗೆ ದೊಡ್ಡ ಯಂತ್ರ ಬೇಡ. ಕತ್ತಲೆ ಕೋಣೆ, ಒಂದು ಟ್ಯಾಂಕು, 20 ಡಿಗ್ರಿಯ ಆಸುಪಾಸಿನ ನೀರು ಮತ್ತು ತಿಳಿದ ಕೈ ಇದ್ದರೆ ಸಾಕು. ಚಿತ್ರದುರ್ಗದ ಸಂತೆಪೇಟೆಯ ಕಡೆ ಹಿಂದೆ ಸ್ಟುಡಿಯೋ ಇಟ್ಟಿದ್ದ, ಈಗ ಎಪ್ಪತ್ತು ದಾಟಿದ ಛಾಯಾಗ್ರಾಹಕರೊಬ್ಬರು ಒಪ್ಪಿದರು. ಅವರ ಬಳಿ ಟ್ಯಾಂಕು ಉಳಿದಿತ್ತು, ಡೆವಲಪರ್ ಉಳಿದಿರಲಿಲ್ಲ. ಡಿ-76 ಎಂಬ ಹಳೆಯ ಸೂತ್ರವನ್ನು ಅವರು ಬಾಯಿಪಾಠವಾಗಿ ಹೇಳಿದರು: ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ಕಾಲೇಜುಗಳ ಪ್ರಯೋಗಾಲಯಕ್ಕೆ ರಾಸಾಯನಿಕ ಪೂರೈಸುವ ಅಂಗಡಿಯಲ್ಲಿ ಇವು ದೊರೆತವು. ಫಿಕ್ಸರಿಗೆ ಬೇಕಾದ ಹೈಪೋ ಕೂಡ ಅಲ್ಲೇ ಸಿಕ್ಕಿತು. ಮೆಟಾಲ್ ಮಾತ್ರ ತರಿಸಿಕೊಡಬೇಕಾಯಿತು, ಅದಕ್ಕಾಗಿ ಕಾಯುವುದೂ ಆಯಿತು. ಮನೆಯಲ್ಲಿ ಮಾಡಲು ಹೊರಟವರು ಕೈಗವಸು ಹಾಕಿಕೊಳ್ಳಬೇಕು, ಕಿಟಕಿ ತೆರೆದಿರಬೇಕು, ಅಡುಗೆಮನೆಯ ಪಾತ್ರೆಗಳನ್ನು ಮುಟ್ಟಬಾರದು.

ಅವರ ಮನೆಯ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಬಾಗಿಲಿನ ಸಂದಿಗೆ ಬಟ್ಟೆ ತುರುಕಿ ಒಳಗೆ ನಿಂತೆವು. ಕೆಂಪು ದೀಪ ಹಾಕಬಹುದೇ ಎಂದು ನಾನು ಕೇಳಿದಾಗ, ಅದು ಕಾಗದದ ಮೇಲೆ ಪ್ರಿಂಟ್ ಹಾಕುವಾಗ ಮಾತ್ರ, ಈ ಫಿಲ್ಮಿಗೆ ಕೆಂಪು ಬೆಳಕೂ ತಾಗುತ್ತದೆ ಎಂದರು. ದಶಕಗಟ್ಟಲೆ ಸುತ್ತಿಕೊಂಡೇ ಇದ್ದ ಫಿಲ್ಮು ಬಿಡಿಸಿದರೂ ಮತ್ತೆ ಸುರುಳಿಯಾಗುತ್ತಿತ್ತು. ಅದನ್ನು ಟ್ಯಾಂಕಿನ ಸುರುಳಿಗೆ ಏರಿಸಲು ಆ ಹಿರಿಯರ ಬೆರಳುಗಳು ಕತ್ತಲೆಯಲ್ಲಿ ಬಹಳ ಹೊತ್ತು ತಡಕಾಡಿದವು. ಅವರು ಒಮ್ಮೆಯೂ ಬೇಸರಿಸಲಿಲ್ಲ. ಹೈಪೋದಿಂದ ತೆಗೆದು ಬೆಳಕಿಗೆ ಹಿಡಿದಾಗ ಮೊದಲ ರೀಲಿನಲ್ಲಿ ಹನ್ನೆರಡು ಚೌಕಗಳೂ ಇದ್ದವು! ಕೋಟೆಯ ಪ್ರವಾಸ, ಗೋಪಾಲಸ್ವಾಮಿ ಹೊಂಡದ ಬಳಿ ಸಾಲಾಗಿ ಕುಳಿತ ಹುಡುಗಿಯರು, ಓಬವ್ವನ ಕಿಂಡಿಯೊಳಗೆ ತಲೆ ತೂರಿಸಿದ ಒಬ್ಬ ಹುಡುಗ. ಸುತ್ತುಕಾಗದದ ಮೇಲಿನ ಅಂಕಿಗಳ ಅಚ್ಚು ಅಲ್ಲಲ್ಲಿ ಚಿತ್ರದ ಆಕಾಶದಲ್ಲಿ ಮೂಡಿತ್ತು, ಹಳೆಯ 120 ರೀಲುಗಳಲ್ಲಿ ಇದು ಸಾಮಾನ್ಯವಂತೆ. ಎರಡನೆಯ ರೀಲು ಅರ್ಧ ಬಂತು. ಮೂರನೆಯದನ್ನು ಬೂಷ್ಟು ತಿಂದಿತ್ತು. ಹಣ ಕೊಡಲು ಹೋದರೆ ಅವರು ಔಷಧಿಯ ಖರ್ಚಿನ ಹೊರತು ಏನನ್ನೂ ತೆಗೆದುಕೊಳ್ಳಲಿಲ್ಲ. ಇಂತಹವರು ನಮ್ಮ ಎರಡೂ ಊರುಗಳಲ್ಲಿ ಇನ್ನೂ ಕೆಲವರಿದ್ದಾರೆ. ಅವರ ಕೈ ನಡೆಯುವಾಗಲೇ ಕಲಿಯುವ ಹುಡುಗರು ಮುಂದೆ ಬರಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ಕಲರ್ ರೀಲುಗಳಿಗೆ ಬೆಂಗಳೂರೇ ಗತಿಯಾಯಿತು. ಅಲ್ಲಿ ಈಗಲೂ ಫಿಲ್ಮ್ ತೊಳೆಯುವ ಲ್ಯಾಬುಗಳಿವೆ. ಹವ್ಯಾಸಕ್ಕಾಗಿ ಫಿಲ್ಮ್ ಕ್ಯಾಮರಾ ಹಿಡಿದ ಯುವಕರಿಂದ ಅವುಗಳಿಗೆ ಕೆಲಸ ಸಿಗುತ್ತಿದೆ. ಸ್ಪೀಡ್ ಪೋಸ್ಟಿನಲ್ಲೂ ಕಳುಹಿಸಬಹುದು, ಹೊಸ ರೀಲುಗಳನ್ನು ಎಲ್ಲರೂ ಹಾಗೆಯೇ ಕಳುಹಿಸುತ್ತಾರೆ. ವಿಮಾನದ ಮೂಲಕ ಹೋಗುವ ಪಾರ್ಸೆಲ್ಲಿಗೆ ಎಕ್ಸ್-ರೇ ತಪಾಸಣೆ ಇರುತ್ತದೆ, ತೊಳೆಯದ ಫಿಲ್ಮಿನ ಮೇಲೆ ಅದರಿಂದ ಮಬ್ಬು ಕವಿಯಬಹುದು. ಈಗಾಗಲೇ ವಯಸ್ಸಾದ ರೀಲಿಗೆ ಇನ್ನಷ್ಟು ಮಬ್ಬು ಬೇಡವೆಂದು ನಾನು ರೈಲಿನಲ್ಲಿ ಕೈಯಲ್ಲೇ ಒಯ್ದೆ. ಆದರೆ ಎಕ್ಸ್-ರೇ ಎದುರಾದದ್ದು ಮೆಜೆಸ್ಟಿಕ್ಕಿನ ಮೆಟ್ರೋ ನಿಲ್ದಾಣದ ಬಾಗಿಲಲ್ಲಿ. ಪ್ರತಿ ಚೀಲವನ್ನೂ ಅಲ್ಲಿ ಯಂತ್ರದೊಳಗೆ ತೂರಿಸಲೇಬೇಕು. ರೀಲುಗಳನ್ನು ಒಂದು ಪಾರದರ್ಶಕ ಚೀಲದಲ್ಲಿ ಬೇರೆಯಾಗಿ ಇಟ್ಟುಕೊಂಡಿದ್ದರಿಂದ, ಶಾಲೆಯ ಮುಖ್ಯೋಪಾಧ್ಯಾಯರ ಪತ್ರವನ್ನು ತೋರಿಸಿ ಕೈಯಲ್ಲೇ ಪರೀಕ್ಷಿಸುವಂತೆ ವಿನಂತಿಸಿದೆ. ಭದ್ರತೆಯ ಹೆಣ್ಣುಮಗಳು ಮೇಲಧಿಕಾರಿಯನ್ನು ಕರೆದು ಕೇಳಿ, ಒಂದೊಂದನ್ನೇ ನೋಡಿ ಬಿಟ್ಟರು. ಎಲ್ಲ ಕಡೆಯೂ ಹೀಗೆ ಒಪ್ಪುತ್ತಾರೆಂದು ಹೇಳಲಾರೆ. ಹಳೆಯ ರೀಲು ಜೊತೆಗಿದ್ದರೆ ಆಟೋ ಹಿಡಿಯುವುದು ಉತ್ತಮ.

ಲ್ಯಾಬಿನಲ್ಲಿ ಒಂದು ಅರ್ಜಿ ತುಂಬಬೇಕಿತ್ತು. ಪ್ರತಿ ರೀಲಿನ ಹೆಸರು, ವೇಗ (ಅಂದರೆ ಬೆಳಕಿಗೆ ಅದು ಎಷ್ಟು ಬೇಗ ಸ್ಪಂದಿಸುತ್ತದೆ ಎಂಬ ಅಂಕಿ), ಅಂದಾಜು ವರ್ಷ, ಯಾವ ವಿಧಾನದಲ್ಲಿ ತೊಳೆಯಬೇಕು, ಸ್ಕ್ಯಾನ್ ಎಷ್ಟು ದೊಡ್ಡದಿರಬೇಕು, ನೆಗೆಟಿವ್ ವಾಪಸ್ಸು ಬೇಕೇ ಬೇಡವೇ ಎಂದೆಲ್ಲ ಕೇಳಿದ್ದರು. ಕೊನೆಯ ಪ್ರಶ್ನೆಯನ್ನು ತಪ್ಪದೆ ಗಮನಿಸಿ. ಬೇಕು ಎಂದು ಗುರುತು ಹಾಕದಿದ್ದರೆ ಸ್ವಲ್ಪ ಕಾಲ ಇಟ್ಟುಕೊಂಡು ಬಿಸಾಡುವ ಷರತ್ತು ಅರ್ಜಿಯ ಕೆಳಗೆ ಸಣ್ಣ ಅಕ್ಷರದಲ್ಲಿತ್ತು. ರೀಲು ಹಾಳಾದರೆ ಹೊಸ ಖಾಲಿ ರೀಲಿನ ಬೆಲೆಯನ್ನಷ್ಟೇ ಕೊಡುವುದಾಗಿಯೂ ಬರೆದಿತ್ತು. ತೊಳೆದು ಸ್ಕ್ಯಾನ್ ಮಾಡಲು ಒಂದು ಕಲರ್ ರೀಲಿಗೆ 600 ರೂಪಾಯಿಯಷ್ಟು ಆಯಿತು, ವಿಶೇಷ ವಿಧಾನಕ್ಕೆ ಇನ್ನಷ್ಟು. ಔಷಧಿ, ರೈಲು, ಕೊರಿಯರ್ ಎಲ್ಲ ಸೇರಿ ಒಂಬತ್ತೂ ರೀಲುಗಳ ಖರ್ಚು 6,000 ರೂಪಾಯಿಯೊಳಗೆ ಮುಗಿಯಿತು. ಸಂಘ-ಸಂಸ್ಥೆಯ ಹಣವಾದರೆ ಜಿ.ಎಸ್.ಟಿ. ಬಿಲ್ಲು ಸಂಸ್ಥೆಯ ಹೆಸರಿನಲ್ಲೇ ಬೇಕೆಂದು ಮೊದಲೇ ಹೇಳಿಬಿಡಿ. ಆಮೇಲೆ ತಿದ್ದಿಸುವುದು ತಲೆನೋವು.

ಲ್ಯಾಬಿನವರು ಕೊಟ್ಟ ಒಂದು ಸಲಹೆಗೆ ನಾನು ಋಣಿ. ಅತಿ ಮುಖ್ಯವಲ್ಲದ ಒಂದು ರೀಲನ್ನು ಮೊದಲು ತೊಳೆದು ನೋಡಿ, ಅದರ ಸ್ಥಿತಿಯ ಮೇಲೆ ಉಳಿದವುಗಳ ತೀರ್ಮಾನ ಮಾಡೋಣ ಎಂದರು. 2001ರ ಕ್ರೀಡಾಕೂಟದ ರೀಲನ್ನು ಕೊಟ್ಟು ಊರಿಗೆ ಮರಳಿದೆ. ಸಾಕಷ್ಟು ರೀಲು ಸೇರಿದ ಮೇಲೆಯೇ ಅವರೂ ಯಂತ್ರ ಹಚ್ಚುವುದು, ಹಾಗಾಗಿ ಕಾಯಬೇಕು. ಈ ಕಾಯುವಿಕೆಯೇ ಎಲ್ಲಕ್ಕಿಂತ ಭಾರವಾಗಿತ್ತು. ಕೊನೆಗೆ ಬಂದ ಚಿತ್ರಗಳಲ್ಲಿ ಮುಖಗಳು ತಿಳಿಯುತ್ತಿದ್ದವು, ಆದರೆ ಬಣ್ಣ ಪೂರ್ತಿ ನೇರಳೆಗೆ ತಿರುಗಿ ನೆರಳಿನ ಭಾಗವೆಲ್ಲ ಕಾಳುಕಾಳಾಗಿತ್ತು. 1997ರ ರೀಲು ಇದಕ್ಕಿಂತ ಹಳೆಯದು. ಅದನ್ನು ಕಪ್ಪು-ಬಿಳುಪು ಡೆವಲಪರಿನಲ್ಲಿ, ಮಬ್ಬು ತಡೆಯುವ ಬೆಂಜೋಟ್ರಯಜೋಲ್ ಸೇರಿಸಿ ತೊಳೆದರೆ ಚಿತ್ರ ಉಳಿಯುವ ಸಂಭವ ಹೆಚ್ಚು, ಆದರೆ ಬಣ್ಣದ ಆಸೆ ಬಿಡಬೇಕು ಎಂದು ಲ್ಯಾಬಿನವರು ಹೇಳಿದರು. ಇದನ್ನು ನಾನೊಬ್ಬನೇ ತೀರ್ಮಾನಿಸುವುದು ಸರಿಯಲ್ಲವೆನಿಸಿ ಮೇಷ್ಟ್ರನ್ನು ಕೇಳಿದೆ. ಬದುಕಿಡೀ ಮಕ್ಕಳಿಗೆ ಬಣ್ಣ ಕಲಿಸಿದ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಣ್ಣ ಬೇಡಪ್ಪ, ಮುಖ ಬೇಕು” ಎಂದರು.

ಆ ರೀಲಿನಲ್ಲಿ ಹದಿನಾಲ್ಕು ಚಿತ್ರಗಳು ಗುರುತು ಹಿಡಿಯುವಂತೆ ಬಂದವು. ಬಾವುಟ ಹಿಡಿದ ಸಾಲು, ಬ್ಯಾಂಡಿನ ಹುಡುಗರು, ಅದೇ ವರ್ಷ ತೀರಿಕೊಂಡ ನಮ್ಮ ಗಣಿತದ ಮೇಡಂ. ಅವರ ಮಗಳಿಗೆ ಆ ಚಿತ್ರವನ್ನು ಕಳುಹಿಸಿದಾಗ ಫೋನಿನಲ್ಲಿ ಆಕೆ ಮಾತನಾಡಲಾಗದೆ ಅತ್ತರು, ನನಗೂ ಮಾತು ಹೊರಡಲಿಲ್ಲ. ಉಳಿದ ನಾಲ್ಕು ರೀಲುಗಳಲ್ಲಿ ಮೂರು ಬೇರೆ ಬೇರೆ ಮಟ್ಟದಲ್ಲಿ ಉಳಿದಿದ್ದವು, ಒಂದು ಮಾತ್ರ ಪೂರ್ತಿ ಖಾಲಿ. ಖಾಲಿ ರೀಲು ಬಂದಾಗ ಲ್ಯಾಬಿನ ಮೇಲೆ ಸಂಶಯಪಡುವ ಮೊದಲು ಫಿಲ್ಮಿನ ಅಂಚನ್ನು ನೋಡಿ. ಕಂಪನಿಯ ಹೆಸರೂ ಚಿತ್ರದ ಅಂಕಿಗಳೂ ಅಂಚಿನಲ್ಲಿ ಮೂಡಿದ್ದರೆ ತೊಳೆದದ್ದು ಸರಿಯಾಗಿದೆ, ಕ್ಯಾಮರಾದಲ್ಲಿ ರೀಲು ಸರಿಯಾಗಿ ಸಿಕ್ಕಿಕೊಂಡಿರಲಿಲ್ಲ ಎಂದರ್ಥ. ಅಂಚೂ ಖಾಲಿಯಿದ್ದರೆ ಮಾತ್ರ ಲ್ಯಾಬನ್ನು ಕೇಳಬೇಕು. ನಮ್ಮ ರೀಲಿನಲ್ಲಿ ಅಂಕಿಗಳು ಸ್ಪಷ್ಟವಾಗಿದ್ದವು.

ಸ್ಕ್ಯಾನ್ ವಿಷಯದಲ್ಲಿ ಎರಡು ಮಾತು. 35 ಮಿಲಿಮೀಟರ್ ರೀಲಿನ ಒಂದು ಚಿತ್ರವನ್ನು 2400 ಡಿ.ಪಿ.ಐ.ನಲ್ಲಿ (ಇಂಚಿಗೆ 2400 ಚುಕ್ಕೆ) ಸ್ಕ್ಯಾನ್ ಮಾಡಿದರೆ ಅಗಲ ಸುಮಾರು 3400 ಪಿಕ್ಸೆಲ್ ಬರುತ್ತದೆ, ಪುಸ್ತಕದ ಇಡೀ ಪುಟಕ್ಕೆ ಅದು ಸಾಕು. ಲ್ಯಾಬಿನವರು ಕಳುಹಿಸುವ ಡೌನ್‌ಲೋಡ್ ಕೊಂಡಿ ಕೆಲವು ದಿನಗಳಷ್ಟೇ ತೆರೆದಿರುತ್ತದೆ, ಬಂದ ಕೂಡಲೇ ಇಳಿಸಿಕೊಂಡು ಎರಡು ಕಡೆ ಇಡಬೇಕು. ಈಗಾಗಲೇ ತೊಳೆದ ನೆಗೆಟಿವ್ ಇರುವವರು ಅದನ್ನು ಡಿ.ಟಿ.ಪಿ. ಅಂಗಡಿಯ ಸಾಮಾನ್ಯ ಸ್ಕ್ಯಾನರಿಗೆ ಕೊಟ್ಟರೆ ಕಪ್ಪು ಪಟ್ಟಿಯಷ್ಟೇ ಬರುತ್ತದೆ. ನೆಗೆಟಿವ್‌ಗೆ ಹಿಂದಿನಿಂದ ಬೆಳಕು ಬೀಳುವ ಸ್ಕ್ಯಾನರೇ ಆಗಬೇಕು. ಪ್ರಿಂಟುಗಳನ್ನು ಮಾತ್ರ ದಾವಣಗೆರೆಯಲ್ಲೇ, ರೀಲು ತೊಳೆಯುವುದಿಲ್ಲವೆಂದು ಮೊದಲು ಹೇಳಿದ್ದ ಲ್ಯಾಬೊಂದರಲ್ಲೇ ಹಾಕಿಸಿದೆ, ಕೆಲಸ ಬಹಳ ಚೆನ್ನಾಗಿ ಬಂದಿದೆ.

ಅಟ್ಟದ ಮೇಲಿನ ಲಕೋಟೆಗಳ ಪೆಟ್ಟಿಗೆಯನ್ನು ಈ ದೀಪಾವಳಿಯ ಹೊತ್ತಿಗೆ ಖಾಲಿ ಮಾಡಬೇಕೆಂದು ಆ ಹಿರಿಯರ ಮನೆಯವರು ಹೇಳುತ್ತಿದ್ದಾರೆ. ಅದುವರೆಗೆ ಕಾಯುವಂತೆ ಅವರನ್ನು ಒಪ್ಪಿಸಿ, ಲಕೋಟೆಗಳ ಮೇಲಿನ ಹೆಸರುಗಳನ್ನು ಪಟ್ಟಿ ಮಾಡುವ ಕೆಲಸವನ್ನು ನಾನು ಮತ್ತು ಇಬ್ಬರು ಹಳೆಯ ವಿದ್ಯಾರ್ಥಿಗಳು ಆರಂಭಿಸಿದ್ದೇವೆ. 1990ರ ದಶಕದಲ್ಲಿ ನಮ್ಮ ಊರಿನ ಯಾವುದೇ ಲ್ಯಾಬಿಗೆ ರೀಲು ಕೊಟ್ಟು ಮರಳಿ ಪಡೆಯದವರು ಆಯಾ ಮಾಲೀಕರ ಮನೆಗಳಲ್ಲಿ ಈಗಲೇ ವಿಚಾರಿಸಬೇಕು. ಹಳೆಯ ರಸೀದಿ ಇಲ್ಲದಿದ್ದರೂ ಕೊಟ್ಟವರ ಹೆಸರು, ಅಂದಾಜು ವರ್ಷ, ಯಾವ ಸಮಾರಂಭ ಎಂಬಿಷ್ಟು ಹೇಳಿದರೆ ಹುಡುಕಿಕೊಡುತ್ತಾರೆ.